ಮಂಗಳೂರಿನಿಂದ ಕುಂದಾಪುರಕ್ಕೆ ದೋಣಿಯಲ್ಲೇ ಹೋಗಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅಲ್ಲಿ ಪೂರ್ವ ಕರಾವಳಿಯುದ್ದಕ್ಕೂ ಇಂಟ್ರಾಕೋಸ್ಟಲ್ ವಾಟರ್‌ವೇ ಅಂತ ಒಂದು ಜಲಮಾರ್ಗ ಇದೆಯಂತೆ. ಜನ ವಾರಗಟ್ಟಲೆ ದೋಣಿಯಲ್ಲೇ ಹೋಗುತ್ತಾ, ಸಿಕ್ಕ ಊರಿನಲ್ಲಿ ದೋಣಿ ಕಟ್ಟಿ, ಇಳಿದು ಸುತ್ತಾಡಿ ಮತ್ತೆ ಮುಂದೆ ಹೋಗುತ್ತಾರಂತೆ. ಡಿಸೆಂಬರ್‌ನಲ್ಲಿ ಅವನು ಊರಿಗೆ ಬರುತ್ತಾನೆ. ಮಂಗಳೂರಿನಿಂದ ಕುಂದಾಪುರದವರೆಗೆ ನಾವೂ ಹಾಗೆ ಹೋಗಬಹುದಾ? ಎಷ್ಟು ದಿನ ಬೇಕು? ಅವನ ಹತ್ತಿರ ಗಾಳಿ ತುಂಬುವ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಇದೆ, ತರಬಹುದಾ? ಅಮ್ಮನೂ ಜೊತೆಗಿರುತ್ತಾರೆ. ಅವರಿಗೆ 68 ವರ್ಷ, ಈಜು ಬರಲ್ಲ, ಮಂಡಿ ನೋವು ಬೇರೆ.

ಉತ್ತರ: ಒಂದೇ ದೋಣಿಯಲ್ಲಿ ಕೂತು ಮಂಗಳೂರಿನಿಂದ ಕುಂದಾಪುರಕ್ಕೆ ಹೋಗಲು ಆಗುವುದಿಲ್ಲ. ಆದರೆ ನಿಮಗೆ ನಿಜವಾಗಿ ಬೇಕಿರುವುದು ನೀರಿನ ಮೇಲೆ ಓಡಾಡುವುದು, ದಡದ ಊರು ನೋಡುವುದು ಅಲ್ವಾ? ಅದು ಖಂಡಿತ ಆಗುತ್ತದೆ. ದಾರಿ ಮಾತ್ರ ಬೇರೆ ಥರ ಹಾಕಿಕೊಳ್ಳಬೇಕು. ಒಂದೊಂದು ನದಿಯನ್ನು ಒಂದೊಂದು ದಿನದ ಪ್ರಯಾಣ ಮಾಡಿಕೊಳ್ಳಿ. ಒಂದು ನದಿಯಿಂದ ಇನ್ನೊಂದಕ್ಕೆ ಬಸ್ಸಿನಲ್ಲೋ ಕಾರಿನಲ್ಲೋ ಹೋಗಿ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ತಮ್ಮ ಹೇಳುವ ಜಲಮಾರ್ಗ ವರ್ಜೀನಿಯಾದ ನಾರ್ಫೋಕ್‌ನಿಂದ ದಕ್ಷಿಣಕ್ಕೆ ಫ್ಲಾರಿಡಾವರೆಗೆ ಹೋಗುತ್ತದೆ. ಅಲ್ಲಿಯ ಕೊಲ್ಲಿಗಳು, ಹಿನ್ನೀರು, ನದಿಗಳ ನಡುವೆ ಕಾಲುವೆ ತೋಡಿ ಒಂದಕ್ಕೊಂದು ಸೇರಿಸಿದ್ದಾರೆ. ಅಮೆರಿಕದ ಸೇನೆಯ ಎಂಜಿನಿಯರ್ ವಿಭಾಗ ಅದರ ಹೂಳು ತೆಗೆಸುತ್ತದೆ. ಕೇರಳದಲ್ಲೂ ಹೆಚ್ಚು ಕಡಿಮೆ ಅದೇ ಕಥೆ. ಕೊಲ್ಲಂನಿಂದ ಕೊಟ್ಟಪ್ಪುರಂವರೆಗೆ 168 ಕಿಲೋಮೀಟರ್ ಪಶ್ಚಿಮ ಕರಾವಳಿ ಕಾಲುವೆ ಇದೆ, 1993ರಲ್ಲೇ ಅದು ರಾಷ್ಟ್ರೀಯ ಜಲಮಾರ್ಗವಾಯಿತು. ನಮ್ಮಲ್ಲಿ ಅಂಥ ಕಾಲುವೆ ಇಲ್ಲ. 2016ರ ಕಾಯ್ದೆಯಲ್ಲಿ ನೇತ್ರಾವತಿ, ಗುರುಪುರ, ಉದ್ಯಾವರ, ಪಂಚಗಂಗಾವಳಿ ನದಿಗಳ ಹೆಸರೂ ರಾಷ್ಟ್ರೀಯ ಜಲಮಾರ್ಗದ ಪಟ್ಟಿಗೆ ಸೇರಿದೆ. ಅದನ್ನು ನೋಡಿ ದೋಣಿ ಓಡುತ್ತದೆ ಅಂದುಕೊಳ್ಳಬೇಡಿ. ಪಟ್ಟಿಯಲ್ಲಿ ಹೆಸರಿದೆ, ಅಷ್ಟೇ. ಮಂಗಳೂರಿಗೆ ವಾಟರ್ ಮೆಟ್ರೊ ಬರುತ್ತದೆ ಎಂಬ ಮಾತೂ ಇದೆ. ಅದನ್ನು ನಂಬಿ ಟಿಕೆಟ್ ಮಾಡಿಸಬೇಡಿ.

ನಮ್ಮ ನದಿಗಳ ಸ್ವಭಾವ ಗೊತ್ತಾದರೆ ಉಳಿದದ್ದು ಸುಲಭ. ಘಟ್ಟದಿಂದ ಪಶ್ಚಿಮಕ್ಕೆ ಹರಿದು ಬರುವ ನದಿ ಸಮುದ್ರ ಕಾಣುವಷ್ಟು ಹತ್ತಿರ ಬಂದು ನೇರವಾಗಿ ಸೇರುವುದಿಲ್ಲ. ಅಲೆ ತಂದು ಹಾಕಿದ ಮರಳಿನ ದಿಬ್ಬ ಅಡ್ಡ ನಿಂತಿರುತ್ತದೆ. ಅದರ ಹಿಂದೆ ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿ, ಸಮುದ್ರಕ್ಕೆ ಸಮವಾಗಿ ಒಂದಷ್ಟು ದೂರ ಹರಿದು, ಆಮೇಲೆ ಅಳಿವೆಯಲ್ಲಿ, ಅಂದರೆ ನದಿಯ ಬಾಯಲ್ಲಿ, ಕಡಲಿಗೆ ಇಳಿಯುತ್ತದೆ. ಮರವಂತೆಯ ಸೌಪರ್ಣಿಕೆಯನ್ನು ಫೋಟೋದಲ್ಲಿ ನೋಡಿರುತ್ತೀರಿ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ನದಿ. ಅಷ್ಟು ಹತ್ತಿರ ಬಂದರೂ ಅದು ಅಲ್ಲಿ ಸಮುದ್ರ ಸೇರದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯ ಕಡೆ ಹೋಗುತ್ತದೆ. ಹೀಗೆ ದಡಕ್ಕೆ ಸಮವಾಗಿ ಹರಿಯುವ ತುಂಡುಗಳೇ ನಿಮಗೆ ಸಿಗುವ ಜಲಮಾರ್ಗ. ನೀರು ಅಗಲ, ಅಲೆ ಇಲ್ಲ, ಮಧ್ಯೆ ಕುದ್ರುಗಳು (ನದಿಯ ನಡುಗಡ್ಡೆಗಳು), ಎರಡೂ ದಡದಲ್ಲಿ ತೆಂಗು ಮತ್ತು ಮನೆ. ಮಂಗಳೂರಿನಿಂದ ಕುಂದಾಪುರದವರೆಗೆ ಇಂಥ ಐದು ಜಾಗ ಇದೆ: ಮಂಗಳೂರು, ಮೂಲ್ಕಿ, ಮಲ್ಪೆ, ಕೋಡಿ ಬೆಂಗ್ರೆ, ಕುಂದಾಪುರ.

ಇವುಗಳ ನಡುವೆ ಹೋಗಬೇಕೆಂದರೆ ಅಳಿವೆ ದಾಟಿ ಹೊರಗಿನ ಕಡಲಿಗೆ ಹೋಗಬೇಕು. ಅದು ಪ್ರವಾಸಿಗರ ಕೆಲಸ ಅಲ್ಲ. ಅಳಿವೆ ಬಾಯಲ್ಲಿ ಮರಳಿನ ದಿಬ್ಬ ನೀರಿನ ಕೆಳಗೇ ಇರುತ್ತದೆ, ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುತ್ತದೆ. ಇಳಿತದ ನೀರು ರಭಸವಾಗಿ ಹೊರಗೆ ಹೋಗುವಾಗ ಎದುರಿನಿಂದ ಅಲೆ ಬಂದರೆ ಅಲ್ಲೇ ಎದ್ದು ಮುರಿಯುತ್ತದೆ. ದೊಡ್ಡ ಮೀನುಗಾರಿಕಾ ಬೋಟುಗಳೇ ಅಳಿವೆಯಲ್ಲಿ ಮಗುಚಿದ ಸುದ್ದಿ ಆಗಾಗ ಓದುತ್ತೇವೆ. 'ದುಡ್ಡು ಕೊಟ್ಟರೆ ಮೀನಿನ ಬೋಟಿನಲ್ಲಿ ಮಲ್ಪೆಗೆ ಕರೆದುಕೊಂಡು ಹೋಗುತ್ತೇನೆ' ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮೀನುಗಾರಿಕೆಗೆ ನೋಂದಣಿಯಾದ ಬೋಟಿನಲ್ಲಿ ಪ್ರವಾಸಿಗರನ್ನು ಹತ್ತಿಸುವಂತಿಲ್ಲ.

ಇನ್ನು ನೀರಿನ ಲೆಕ್ಕ. ಇದೊಂದು ತಿಳಿದುಕೊಂಡು ಬನ್ನಿ, ಹೋಟೆಲ್ ಬುಕಿಂಗ್‌ಗಿಂತ ಇದು ಮುಖ್ಯ. ಕಡಲ ನೀರು ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ಇಲ್ಲಿ ಭರತ, ಇಳಿತ ಅನ್ನುತ್ತೇವೆ. ಮರುದಿನ ಅದೇ ಭರತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಏರಿಳಿತ ಜಾಸ್ತಿ, ಸುಮಾರು ಒಂದೂವರೆ ಮೀಟರ್. ಅಷ್ಟಮಿ, ನವಮಿಯ ಸುತ್ತ ಕಡಿಮೆ. ಒಂದೂವರೆ ಮೀಟರ್ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ನಮ್ಮ ಹಿನ್ನೀರು ಹಲವು ಕಡೆ ಸೊಂಟದಷ್ಟೇ ಆಳ. ಬೆಳಿಗ್ಗೆ ದೋಣಿ ಹೋದ ಜಾಗದಲ್ಲಿ ಮಧ್ಯಾಹ್ನ ಹೆಂಗಸರು ನಿಂತು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ಭರತದ ಜೊತೆ ಒಳನಾಡಿಗೆ ಹೋಗಿ, ಇಳಿತದ ಜೊತೆ ವಾಪಸ್ ಬನ್ನಿ. ಹುಟ್ಟು ಹಾಕುವವರಿಗೆ ಅರ್ಧ ಶ್ರಮ ಉಳಿಯುತ್ತದೆ, ಯಂತ್ರದ ದೋಣಿಯವರಿಗೆ ಡೀಸೆಲ್ ಉಳಿಯುತ್ತದೆ. ನವಮಂಗಳೂರು ಬಂದರಿನ ಭರತ-ಇಳಿತದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ನದಿಯ ಒಳಗೆ ಅದಕ್ಕಿಂತ ಸ್ವಲ್ಪ ತಡ. ಎಷ್ಟು ತಡ ಅಂತ ದೋಣಿಯವರನ್ನೇ ಕೇಳಿ.

ಡಿಸೆಂಬರ್ ಒಳ್ಳೆಯ ತಿಂಗಳು. ಬೆಳಿಗ್ಗೆ ನೆಲದ ಕಡೆಯಿಂದ ತಣ್ಣನೆ ಗಾಳಿ, ನೀರು ಅಲುಗುವುದೇ ಇಲ್ಲ. ಮಧ್ಯಾಹ್ನ ಆದ ಮೇಲೆ ಕಡಲ ಗಾಳಿ ಏಳುತ್ತದೆ. ಹಾಗಾಗಿ ದೋಣಿಯ ಕೆಲಸವೆಲ್ಲ ಬೆಳಿಗ್ಗೆ ಆರೂವರೆಯಿಂದ ಹನ್ನೊಂದರ ಒಳಗೆ ಮುಗಿಸಿ. ಊರು ಸುತ್ತುವುದು ಸಂಜೆಗೆ ಇರಲಿ. ಡಿಸೆಂಬರ್‌ನ ಒಂದೇ ತೊಂದರೆ ಅಂದರೆ ಶಾಲಾ ಪ್ರವಾಸದ ಬಸ್ಸುಗಳು. ಮಲ್ಪೆಯಲ್ಲಿ ಅದರ ಬಿಸಿ ತಟ್ಟುತ್ತದೆ. ನದಿಗಳಿಗೆ ಆ ಬಸ್ಸುಗಳು ಬರುವುದಿಲ್ಲ.

ಮಂಗಳೂರಿನಿಂದ ಶುರು ಮಾಡೋಣ. ಇಲ್ಲಿ ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ನದಿ ಬಂದು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಗುರುಪುರ ನದಿಗೂ ಸಮುದ್ರಕ್ಕೂ ನಡುವೆ ಇರುವ ಉದ್ದನೆಯ ಮರಳ ಪಟ್ಟಿಯೇ ತಣ್ಣೀರುಬಾವಿ, ಬೆಂಗ್ರೆ. ಬೆಂಗ್ರೆಯ ಜನ ಪೇಟೆಗೆ ಬರಲು ಕೂಳೂರು ಸೇತುವೆ ಸುತ್ತಬೇಕು, ಇಲ್ಲವೇ ಬಂದರಿಗೆ ದೋಣಿ ಹಿಡಿಯಬೇಕು. ಹೆಚ್ಚಿನವರು ದೋಣಿ ಹಿಡಿಯುತ್ತಾರೆ. ಶಾಲೆ ಮಕ್ಕಳು, ಮೀನು ಮಾರುವವರು, ಸಾಮಾನು ತುಂಬಿದ ಚೀಲ ಹೊತ್ತವರು, ಎಲ್ಲರೂ ಒಂದೇ ದೋಣಿಯಲ್ಲಿ. ನೀವು ದುಡ್ಡು ಕೊಟ್ಟು ಹತ್ತುವ ಯಾವ ಕ್ರೂಸ್‌ಗಿಂತಲೂ ಈ ಕಡವಿನ ದೋಣಿ ನನಗೆ ಇಷ್ಟ. ಟಿಕೆಟ್ಟು ಸಿಟಿ ಬಸ್ಸಿನಷ್ಟೇ. ಇದೇ ರೀತಿಯ ಇನ್ನೊಂದು ದೋಣಿ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಇದೆ, ಮಳೆಗಾಲದಲ್ಲಿ ನಿಲ್ಲುವುದುಂಟು. ಬತ್ತೇರಿ ಅಂದರೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ. ಚಿಕ್ಕದು. ಮೇಲೆ ಹತ್ತಿ ನಿಂತರೆ ನದಿ, ಮರಳ ಪಟ್ಟಿ, ಆಚೆಯ ಕಡಲು ಮೂರೂ ಒಟ್ಟಿಗೆ ಕಾಣುತ್ತವೆ. ಇಲ್ಲೇ ಯಾಕೆ ಕಟ್ಟಿಸಿದ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಹಳೆ ಬಂದರಿನ ದಕ್ಕೆಯನ್ನು (ದೋಣಿ ನಿಲ್ಲುವ ಕಟ್ಟೆ) ಬೆಳಿಗ್ಗೆಯೇ ನೋಡಿ. ಒಂದು ಕಡೆ ಮೀನಿನ ಬೋಟುಗಳು. ಇನ್ನೊಂದು ಕಡೆ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಎಂಬ ಮರದ ಹಡಗುಗಳು. ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು, ಮನೆ ಕಟ್ಟುವ ಕಲ್ಲು ಎಲ್ಲ ಇಲ್ಲಿಂದ ಹೋಗುತ್ತದೆ. ದೊಡ್ಡ ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗುತ್ತವೆ. ಅದು ಶುರುವಾಗಿದ್ದು 1970ರ ದಶಕದಲ್ಲಿ. ಅದಕ್ಕೂ ಮುಂಚಿನ ಮಂಗಳೂರು ಅಂದರೆ ಈ ನದಿ ದಂಡೆಯೇ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹದಿನೇಳು ಹದಿನೆಂಟು ವರ್ಷ ಮಂಗಳೂರಿನಲ್ಲೇ ಮನೆ ಮಾಡಿಕೊಂಡಿದ್ದ. ಏಡನ್‌ನ ಗೆಳೆಯರು ಅವನಿಗೆ ಬರೆದ ಕಾಗದಗಳು ಈಜಿಪ್ಟಿನ ಕೈರೋದ ಹಳೆ ಸಿನಗಾಗಿನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಸಿಕ್ಕಿವೆ. ಮೆಣಸು, ಅಡಿಕೆ, ಕಬ್ಬಿಣ ಅಂತ ಅದರ ತುಂಬ ವ್ಯಾಪಾರದ ಮಾತೇ. ಬಂದರಿನ ಓಣಿಗಳಲ್ಲಿ ಮೆಣಸಿನಕಾಯಿ ಚೀಲ, ಒಣಮೀನಿನ ವಾಸನೆ, ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ನೋಡುತ್ತಾ ನಡೆದರೆ ಒಂದು ಬೆಳಗು ಸಾಲದು.

ನೇತ್ರಾವತಿ ಕಡೆಗೆ ಬಂದರೆ ಜೆಪ್ಪು, ಬೋಳಾರ, ಹೊಯಿಗೆ ಬಜಾರ್‌ನ ಹಂಚಿನ ಕಾರ್ಖಾನೆಗಳ ಉಳಿದ ಚಿಮಣಿಗಳು ಕಾಣುತ್ತವೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮೊದಲ ಕಾರ್ಖಾನೆ ಹಾಕಿದರು. ನದಿ ದಂಡೆಯನ್ನೇ ಆರಿಸಿದ್ದಕ್ಕೆ ಕಾರಣ ಸರಳ. ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು. ದಾವಣಗೆರೆಯಲ್ಲಿ ಹಳೆ ಹಂಚಿನ ಮನೆ ಇದ್ದರೆ ಒಂದು ಹಂಚು ತಿರುಗಿಸಿ ನೋಡಿ, ಮಂಗಳೂರಿನ ಯಾವುದಾದರೂ ಕಂಪೆನಿಯ ಮುದ್ರೆ ಇರಬಹುದು. ಆ ಕಾಲದಲ್ಲಿ ದೋಣಿಗಳು ನೇತ್ರಾವತಿಯಲ್ಲಿ ಬಂಟ್ವಾಳದವರೆಗೂ ಹೋಗುತ್ತಿದ್ದವು. ಈಗ ಹೋಗಲಾಗದು. ಹರೇಕಳ-ಅಡ್ಯಾರ್ ನಡುವೆ ಸೇತುವೆ ಸಹಿತ ಕಿಂಡಿ ಅಣೆಕಟ್ಟು ಬಂದಿದೆ, ಮೇಲೆ ತುಂಬೆಯಲ್ಲಿ ಮಂಗಳೂರಿಗೆ ಕುಡಿಯುವ ನೀರು ಕೊಡುವ ಅಣೆಕಟ್ಟು ಇದೆ. ಅದಕ್ಕಿಂತ ಕೆಳಗೆ ಉಳ್ಳಾಲದ ಕಡೆ ಒಂದೆರಡು ಗಂಟೆ ಸುತ್ತಿ ಬಂದರೆ ಸಾಕು. ಉಳ್ಳಾಲದಲ್ಲಿ ಇಳಿದರೆ ದರ್ಗಾ, ಸೋಮೇಶ್ವರದ ದೇವಸ್ಥಾನ ಎರಡೂ ಹತ್ತಿರ. ಪೋರ್ಚುಗೀಸರಿಗೆ ಎದುರು ನಿಂತ ಅಬ್ಬಕ್ಕನ ಊರು ಇದು.

ಮೂಲ್ಕಿಗೆ ಅರ್ಧ ದಿನ ಸಾಕು. ಶಾಂಭವಿ, ನಂದಿನಿ ನದಿಗಳು ಸಸಿಹಿತ್ಲಿನಲ್ಲಿ ಜೊತೆಯಾಗಿ ಕಡಲು ಸೇರುತ್ತವೆ. ಸರ್ಫಿಂಗ್ ಕಲಿಸುವವರು ಇರುವುದು ಇಲ್ಲಿಯೇ, ನಿಮ್ಮ ತಮ್ಮನಿಗೆ ಇಷ್ಟವಾಗಬಹುದು. ಅಮ್ಮನನ್ನು ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ಶಾಂಭವಿ ನದಿಯಲ್ಲಿ ನಿಂತುಬಿಟ್ಟಿತು, ದೇವಿ ಕನಸಿನಲ್ಲಿ ಬಂದಳು, ಅವನೇ ಗುಡಿ ಕಟ್ಟಿಸಿದ ಅಂತ ಸ್ಥಳ ಪುರಾಣ. ಈಗಲೂ ಜಾತ್ರೆಯ ಪ್ರಸಾದ ಆ ಮನೆತನಕ್ಕೆ ಸಲ್ಲುತ್ತದೆ. ನದಿಯ ವ್ಯಾಪಾರದಿಂದಲೇ ಹುಟ್ಟಿದ ದೇವಸ್ಥಾನ, ಹಾಗಾಗಿ ನಿಮ್ಮ ಪ್ರಯಾಣದಲ್ಲಿ ಇದು ಬಿಟ್ಟುಹೋಗಬಾರದು. ಉಡುಪಿಗೆ ಹೋಗುವ ದಾರಿಯಲ್ಲಿ ಕಾಪುವಿನ ದೀಪಸ್ತಂಭ ಸಿಗುತ್ತದೆ. 1901ರದ್ದು, ಬಂಡೆಯ ಮೇಲಿದೆ, ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಮೆಟ್ಟಿಲು ಕಡಿದು, ಅಮ್ಮ ಕೆಳಗೇ ಕೂರಲಿ.

ಮಲ್ಪೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಎಲ್ಲರೂ ಸೇಂಟ್ ಮೇರೀಸ್ ದ್ವೀಪಕ್ಕೆ ಓಡುತ್ತಾರೆ. ದ್ವೀಪ ನಿಜಕ್ಕೂ ವಿಶೇಷವಾದದ್ದೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಬಿರುಕು ಬಿಟ್ಟು, ಆರು ಮೂಲೆಯ ಕಂಬಗಳಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಆದರೆ ರಜಾ ದಿನ ಹೋದರೆ ಕಲ್ಲಿಗಿಂತ ಜನವೇ ಜಾಸ್ತಿ. ವಾರದ ಮಧ್ಯೆ, ಮೊದಲ ದೋಣಿಗೇ ಹೋಗಿ, ಕಲ್ಲುಗಳನ್ನು ಹತ್ತಿರದಿಂದ ನೋಡಿ, ಬನ್ನಿ. ಬಂಡೆಗಳ ಪಕ್ಕ ನೀರಿಗೆ ಇಳಿಯಬೇಡಿ, ಒಂದೇ ಹೆಜ್ಜೆಗೆ ಆಳ. ದೋಣಿ ಹತ್ತಿ ಇಳಿಯುವಾಗ ಅಲುಗಾಟ, ಮೇಲೆ ಏರುಪೇರಿನ ಕಲ್ಲು. ಮಂಡಿ ನೋವಿನವರಿಗೆ ಇದು ಬೇಡ. ಅಷ್ಟು ಹೊತ್ತು ಅಮ್ಮ ವಡಭಾಂಡೇಶ್ವರ ದೇವಸ್ಥಾನದಲ್ಲಿ ಇರಬಹುದು. ಮಧ್ವಾಚಾರ್ಯರಿಗೆ ಗೋಪಿಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಸಿಕ್ಕಿದ್ದು ಇದೇ ತೀರದಲ್ಲಿ ಎಂದು ನಂಬಿಕೆ.

ದ್ವೀಪಕ್ಕಿಂತ ನನಗೆ ಮಲ್ಪೆಯ ಹಿಂದಿನ ಉದ್ಯಾವರ ನದಿ ಹೆಚ್ಚು ಹಿಡಿಸುತ್ತದೆ. ಮಟ್ಟುವಿನಿಂದ ಉತ್ತರಕ್ಕೆ, ಪಡುಕೆರೆಯ ಬೆನ್ನಿಗೆ ಅಂಟಿಕೊಂಡ ಹಾಗೆ ಹರಿದು ಮಲ್ಪೆ ಬಂದರಿನಲ್ಲಿ ಸಮುದ್ರ ಸೇರುತ್ತದೆ. ಕಯಾಕ್ ಇಳಿಸಲು ಮಟ್ಟು ಒಳ್ಳೆಯ ಜಾಗ. ಮಟ್ಟುಗುಳ್ಳ ಎಂಬ ಬದನೆಕಾಯಿ ಬೆಳೆಯುವುದು ಈ ನದಿ ಪಕ್ಕದ ಗದ್ದೆಗಳಲ್ಲೇ. ಡಿಸೆಂಬರ್‌ನಲ್ಲಿ ಗುಳ್ಳದ ಹುಳಿ ಕೇಳಿ ಹಾಕಿಸಿಕೊಳ್ಳಿ. ಆದರೆ ಬಂದರಿನ ತನಕ ಹೋಗಬೇಡಿ. ಟ್ರಾಲ್, ಪರ್ಸಿನ್ ಎಂಬ ದೊಡ್ಡ ಮೀನುಗಾರಿಕಾ ಬೋಟುಗಳ ಮಧ್ಯೆ ಚಿಕ್ಕ ಕಯಾಕ್ ಆ ಬೋಟಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಈಗ ನನ್ನ ಮೆಚ್ಚಿನ ಜಾಗಕ್ಕೆ ಬರುತ್ತೇನೆ. ದಿನ ಕಡಿಮೆ ಇದ್ದರೆ ಬೇರೆ ಎಲ್ಲ ಬಿಟ್ಟು ಇದೊಂದನ್ನು ಮಾಡಿ. ಸ್ವರ್ಣಾ ನದಿ ದಕ್ಷಿಣದಿಂದ, ಸೀತಾ ನದಿ ಉತ್ತರದಿಂದ ಬಂದು ಕೋಡಿ ಬೆಂಗ್ರೆಯಲ್ಲಿ ಒಂದಾಗುತ್ತವೆ. ಕೆಮ್ಮಣ್ಣು, ಹೂಡೆ ದಾಟಿ ಬರುವ ರಸ್ತೆ ಇಲ್ಲಿಗೆ ಮುಗಿಯುತ್ತದೆ. ಎಡಕ್ಕೆ ಸಮುದ್ರ, ಬಲಕ್ಕೆ ನದಿ, ಮಧ್ಯೆ ಒಂದು ಸಾಲು ಮನೆ. ತುದಿಯಲ್ಲಿ ನಿಂತರೆ ಎದುರು ದಡದಲ್ಲಿ ಹಂಗಾರಕಟ್ಟೆ ಕಾಣುತ್ತದೆ. ರಸ್ತೆಯಲ್ಲಿ ಹೋದರೆ ಹೆದ್ದಾರಿಗೆ ಹೋಗಿ ಬಳಸಿ ಬರಬೇಕು. ಕಡವಿನ ದೋಣಿಯಲ್ಲಾದರೆ ಕೆಲವೇ ನಿಮಿಷ. ಹೊರಡುವ ಮೊದಲು ದೋಣಿಯ ಸಮಯ ಅಲ್ಲೇ ಅಂಗಡಿಯಲ್ಲಿ ಕೇಳಿಕೊಳ್ಳಿ.

ಹಂಗಾರಕಟ್ಟೆ ಬಾರ್ಕೂರಿನ ಬಂದರಾಗಿತ್ತು. ಈಗಲೂ ಇಲ್ಲಿ ದೋಣಿ ಕಟ್ಟುವ, ರಿಪೇರಿ ಮಾಡುವ ಕೆಲಸ ನಡೆಯುತ್ತದೆ. ದಡಕ್ಕೆ ಎಳೆದು ನಿಲ್ಲಿಸಿದ ಬೋಟಿನ ಅಡಿಭಾಗ ನೋಡಿದರೆ ಅದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ನೀರಿನಲ್ಲಿದ್ದಾಗ ಅರ್ಧವೇ ಕಾಣುವುದು. ಇಲ್ಲಿಂದ ಭರತದ ಜೊತೆ ಸೀತಾ ನದಿಯಲ್ಲಿ ಮೇಲೆ ಹೋಗಿ. ಎರಡೂ ಕಡೆ ಕಾಂಡ್ಲಾ ಕಾಡು (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್), ಮಧ್ಯೆ ಒಬ್ಬೊಬ್ಬರೇ ನಿಂತು ಬಲೆ ಬೀಸುವವರು, ಮೇಲೆ ಗರುಡಗಳು. ಸಾಲಿಗ್ರಾಮದ ಪಾರಂಪಳ್ಳಿ ಕಡೆಯ ಸಣ್ಣ ಕವಲುಗಳಿಗೆ ನೀರು ಪೂರ್ತಿ ಏರಿದಾಗ ಮಾತ್ರ ನುಗ್ಗಬಹುದು. ಅಲ್ಲಿ ಕಯಾಕ್ ಬಾಡಿಗೆಗೂ ಸಿಗುತ್ತದೆ. ಬೇರುಗಳ ನಡುವೆ ಏಡಿ ಓಡಾಡುವ ಸದ್ದು ಕೇಳಬೇಕಾದರೆ ಯಂತ್ರದ ದೋಣಿ ಬೇಡ, ಹುಟ್ಟೇ ಸರಿ.

ಬಾರ್ಕೂರಿನಲ್ಲಿ ಇಳಿದು ಅರ್ಧ ದಿನ ನಡೆಯಿರಿ. ಮೊದಲು ತುಳುನಾಡನ್ನು ಆಳಿದ ಆಳುಪ ಅರಸರ ರಾಜಧಾನಿ, ಆಮೇಲೆ ವಿಜಯನಗರದವರ ಬಾರಕೂರು ರಾಜ್ಯದ ಮುಖ್ಯ ಪಟ್ಟಣ. ಹದಿನಾಲ್ಕನೇ ಶತಮಾನದಲ್ಲಿ ಈ ದಾರಿಯಲ್ಲಿ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಫಾಕನೂರ್ ಅಂತ ಬರೆದದ್ದು ಈ ಊರನ್ನೇ. ಈಗ ನೋಡಿದರೆ ತೆಂಗಿನ ತೋಟ, ಗದ್ದೆ, ಒಂದು ಸಣ್ಣ ಪೇಟೆ. ಮನೆಗಳ ಹಿತ್ತಿಲಲ್ಲಿ ಶಾಸನದ ಕಲ್ಲು, ಕೋಟೆಯ ಕಂದಕ, ಕತ್ತಲೆ ಬಸದಿಯ ಕಂಬಗಳು. ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನ, ಚೌಳಿಕೇರಿ ಹೀಗೆ ಕೇರಿಯಿಂದ ಕೇರಿಗೆ ನಡೆದರೆ ಊರು ಎಷ್ಟು ದೊಡ್ಡದಿತ್ತು ಅಂತ ಕಾಲಿಗೆ ಗೊತ್ತಾಗುತ್ತದೆ. ಹಳೆಯ ಹಡಗುಗಳು ಸಣ್ಣವು, ನದಿಯೊಳಗೆ ಬಂದು ಸುರಕ್ಷಿತವಾಗಿ ನಿಲ್ಲುತ್ತಿದ್ದವು. ಹಡಗು ದೊಡ್ಡದಾಯಿತು, ನದಿ ಹೂಳು ತುಂಬಿತು, ಸಾಮಾನು ರಸ್ತೆ ಹಿಡಿಯಿತು. ಬಂದರು ಕಳೆದುಕೊಂಡ ಊರು ಹೇಗೆ ಉಳಿದುಕೊಳ್ಳುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ.

ದಕ್ಷಿಣದ ಸ್ವರ್ಣಾ ನದಿಯಲ್ಲಿ ಕೆಮ್ಮಣ್ಣಿನ ತೂಗು ಸೇತುವೆ, ತಿಮ್ಮಣ್ಣ ಕುದ್ರು ನೋಡಬಹುದು. ಈ ಭಾಗದಲ್ಲಿ ಹೌಸ್‌ಬೋಟ್‌ಗಳೂ ಇವೆ. ರಾತ್ರಿ ನೀರಿನ ಮೇಲೆ ಮಲಗಬೇಕೆಂಬ ಆಸೆ ಇದ್ದರೆ ಸರಿ. ಇಲ್ಲವಾದರೆ ಆ ದುಡ್ಡಿಗೆ ಒಬ್ಬ ಸ್ಥಳೀಯ ದೋಣಿಯವರನ್ನು ಎರಡು ಬೆಳಗು ಗೊತ್ತು ಮಾಡಿಕೊಳ್ಳಿ. ದೊಡ್ಡ ದೋಣಿ ಆಳವಿದ್ದಲ್ಲಿ ಮಾತ್ರ ಹೋಗುತ್ತದೆ, ನೋಡಬೇಕಾದದ್ದು ಇರುವುದು ಆಳವಿಲ್ಲದ ಕಡೆ. ಬಾಡಿಗೆಯನ್ನು ದೂರದ ಮೇಲಲ್ಲ, ಗಂಟೆಯ ಮೇಲೆ ಮಾತಾಡಿ. ಆಗ ಅವರಿಗೂ ಅವಸರ ಇರುವುದಿಲ್ಲ, ನಿಮಗೂ ಕುದ್ರುವಿನಲ್ಲಿ ಇಳಿಯಲು ಆಗುತ್ತದೆ. ಕುದ್ರುವಿನಲ್ಲಿ ಮನೆಗಳಿರುತ್ತವೆ. ಕೇಳಿಯೇ ಇಳಿಯಿರಿ, ಮೀನು ಒಣಗಿಸುವ ಅಂಗಳಕ್ಕೆ ಕ್ಯಾಮೆರಾ ಹಿಡಿದು ನುಗ್ಗಬೇಡಿ.

ಸೀತಾ ನದಿ ದಾಟಿದ ಮೇಲೆ ಕಿವಿಗೂ ವ್ಯತ್ಯಾಸ ಗೊತ್ತಾಗುತ್ತದೆ. ತುಳು ಕಡಿಮೆಯಾಗಿ ಕುಂದಾಪ್ರ ಕನ್ನಡ ಶುರು. ಕುಂದಾಪುರಕ್ಕೆ ಮೂರು ಕಡೆ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೆದಕ ಸೇರಿ ಪಂಚಗಂಗಾವಳಿ ಆಗುತ್ತದೆ. ಎದುರು ದಡದಲ್ಲಿ ಗಂಗೊಳ್ಳಿ. ಮೀನುಗಾರರಾದ ಖಾರ್ವಿಗಳ ಊರು, ಬಂದರಿನಲ್ಲಿ ಕೊಂಕಣಿ ಕೇಳಿಸುತ್ತದೆ. ಎರಡು ಊರು ಎದುರೆದುರು ಕಂಡರೂ ರಸ್ತೆಯಲ್ಲಿ ಸೇತುವೆಗಳನ್ನು ಸುತ್ತಿ ಹೋಗಬೇಕು. ಬಾಡಿಗೆ ದೋಣಿ ಮಾಡಿಕೊಂಡರೆ ಗಂಗೊಳ್ಳಿ ನೋಡಿ, ಕುದ್ರುಗಳನ್ನು ಸುತ್ತಿ ಬರಬಹುದು. ಇಲ್ಲಿ ನೀರಿನಲ್ಲಿ ಮೀನು ಸಾಕುವ ಪಂಜರಗಳಿವೆ, ಅವುಗಳಿಂದ ದೂರ ಇರಿ.

ವಾರಾಹಿ ದಂಡೆಯ ಬಸ್ರೂರು ಕುಂದಾಪುರದಿಂದ ಐದಾರು ಕಿಲೋಮೀಟರ್. ಒಂದು ಕಾಲಕ್ಕೆ ಅಕ್ಕಿ ವ್ಯಾಪಾರದ ದೊಡ್ಡ ಬಂದರು. ಪೋರ್ಚುಗೀಸರು ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದರು. 1665ರ ಫೆಬ್ರುವರಿಯಲ್ಲಿ ಶಿವಾಜಿ ಮಾಲ್ವಣದಿಂದ ತಾನೇ ಹಡಗು ಹತ್ತಿ ಬಂದು ಈ ಊರನ್ನು ಲೂಟಿ ಮಾಡಿ, ವಾಪಸ್ ಹೋಗುವಾಗ ಗೋಕರ್ಣಕ್ಕೆ ಹೋದ. ಅಷ್ಟು ದೂರದಿಂದ ಬರುವಷ್ಟು ಸಂಪತ್ತು ಇಲ್ಲಿತ್ತು ಎಂದಾಯಿತು. ಮಹಾಲಿಂಗೇಶ್ವರ ದೇವಸ್ಥಾನ ನೋಡಿ. ಆಮೇಲೆ ತುಳುವೇಶ್ವರಕ್ಕೆ ಹೋಗಿ. ಗೋಡೆ ಬಿದ್ದ ಗುಡಿಯನ್ನು ಆಲದ ಬೇರುಗಳೇ ಹಿಡಿದು ನಿಲ್ಲಿಸಿವೆ. ದೋಣಿಯಲ್ಲಿ ಹೋಗಲು ಆದರೆ ಕುಂದಾಪುರದಿಂದ ಭರತದಲ್ಲಿ ಹೊರಡಿ. ಬಸ್ರೂರಿಗೆ ಹಡಗು ಬರುತ್ತಿದ್ದ ದಾರಿ ಅದೇ.

ದಿನದ ಲೆಕ್ಕ ಕೇಳಿದ್ದೀರಿ. ಮಂಗಳೂರಿಗೆ ಒಂದು, ಮೂಲ್ಕಿ-ಮಲ್ಪೆಗೆ ಒಂದು, ಕೋಡಿ ಬೆಂಗ್ರೆ-ಬಾರ್ಕೂರಿಗೆ ಎರಡು, ಕುಂದಾಪುರಕ್ಕೆ ಒಂದು. ಐದು ದಿನ ಆರಾಮ. ಮಂಗಳೂರಿನಿಂದ ಕುಂದಾಪುರಕ್ಕೆ ಹೆದ್ದಾರಿ 66ರಲ್ಲಿ ಸುಮಾರು 90 ಕಿಲೋಮೀಟರ್ ಅಷ್ಟೇ, ಬಸ್ಸು ಯಾವಾಗಲೂ ಸಿಗುತ್ತದೆ. ಮೊದಲ ರಾತ್ರಿ ಮಂಗಳೂರಿನಲ್ಲಿದ್ದು, ಆಮೇಲೆ ಉಡುಪಿಯಲ್ಲಿ ರೂಮು ಮಾಡಿದರೆ ಉಳಿದ ನಾಲ್ಕೂ ಜಾಗಗಳಿಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಊಟದ ಚಿಂತೆ ಬೇಡ. ದಕ್ಕೆ ಹತ್ತಿರದ ಸಣ್ಣ ಹೋಟೆಲುಗಳಲ್ಲಿ ಅಂದಿನ ಮೀನು ಅಂದೇ ಸಿಗುತ್ತದೆ. ಕಾಣೆ ಮೀನು, ಮರುವಾಯಿ ಸುಕ್ಕ, ನೀರ್ ದೋಸೆ ಕೇಳಿ. ಮೀನು ತಿನ್ನದವರಿಗೆ ಉಡುಪಿಯಲ್ಲಿ ಏನು ಕಡಿಮೆ ಹೇಳಿ?

ಕಯಾಕ್ ತನ್ನಿ, ತೊಂದರೆ ಇಲ್ಲ. ಆದರೆ ಅಳಿವೆಯಿಂದ ಕನಿಷ್ಠ ಒಂದು ಕಿಲೋಮೀಟರ್ ಒಳಗೇ ಇರಲಿ. ಇಳಿತ ಶುರುವಾದ ಮೇಲೆ ಅಳಿವೆಯ ಕಡೆ ಹುಟ್ಟು ಹಾಕಿದರೆ ವಾಪಸ್ ಬರಲು ತೋಳು ಸಾಲುವುದಿಲ್ಲ. ನದಿಯಲ್ಲಿ ಗೂಟ ನೆಟ್ಟು ಕಟ್ಟಿದ ಬಲೆಗಳಿರುತ್ತವೆ, ಪಚ್ಚಿಲೆ ಎಂಬ ಚಿಪ್ಪುಮೀನು ಸಾಕುವ ಹಗ್ಗಗಳಿರುತ್ತವೆ. ಅವು ಯಾರದ್ದೋ ಜೀವನ, ಸುಮ್ನೆ ಮೇಲೆ ಹತ್ತಿಸಬೇಡಿ. ಬಂಡೆ, ಸಿಂಪಿ ಚಿಪ್ಪುಗಳಿಗೆ ಗಾಳಿ ತುಂಬಿದ ಕಯಾಕ್ ಹರಿಯುವುದು ಬೇಗ. ತೇಪೆ ಹಾಕುವ ಸಾಮಾನು ಇಟ್ಟುಕೊಳ್ಳಲಿ. ಇಳಿಸುವ ಜಾಗದಲ್ಲಿ ಮನೆಯವರಿಗೆ ಹೇಳಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತಲೂ ತಿಳಿಸಿ. ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿ ಅಲ್ಲ, ಮೈ ಮೇಲೆ ಇರಬೇಕು. ಕರಾವಳಿ ಕಾವಲು ಪೊಲೀಸರ ನಂಬರ್ 1093, ಕೋಸ್ಟ್ ಗಾರ್ಡ್‌ನದ್ದು 1554. ಎರಡನ್ನೂ ಮೊಬೈಲಿನಲ್ಲಿ ಹಾಕಿಕೊಳ್ಳಿ.

ಅಮ್ಮನ ವಿಷಯ. ದೋಣಿಯಲ್ಲಿ ಕೂರುವುದು ಕಷ್ಟ ಅಲ್ಲ, ಹತ್ತಿ ಇಳಿಯುವುದು ಕಷ್ಟ. ನೀರು ತೀರಾ ಇಳಿದಾಗ ದಕ್ಕೆಗೂ ದೋಣಿಗೂ ಮಂಡಿ ಮಟ್ಟದ ಅಂತರ, ಮೆಟ್ಟಿಲಲ್ಲಿ ಪಾಚಿ. ನೀರು ಏರಿದ ಹೊತ್ತಿಗೆ ಹತ್ತಿಸಿದರೆ ದೋಣಿಯ ಅಂಚು ದಕ್ಕೆಯ ಮಟ್ಟಕ್ಕೆ ಬರುತ್ತದೆ, ಒಂದೇ ಹೆಜ್ಜೆ. ಬೆಂಗ್ರೆ, ತಣ್ಣೀರುಬಾವಿ, ಹಂಗಾರಕಟ್ಟೆಯ ಕಡವಿನ ದೋಣಿಗಳು ಅವರಿಗೆ ಸಾಕು. ಅಗಲವಾದ ದೋಣಿ, ಸಣ್ಣ ದೂರ. ಲೈಫ್ ಜಾಕೆಟ್ ಕೇಳಿ ಹಾಕಿಸಿ, ಕೊಡದಿದ್ದರೆ ಹತ್ತಿಸಬೇಡಿ. ಸೀರೆಯ ಮೇಲೆ ಜಾಕೆಟ್ಟಿನ ಪಟ್ಟಿ ಸಡಿಲ ಬಿಡುವವರೇ ಹೆಚ್ಚು, ನೀವೇ ಎಳೆದು ಬಿಗಿ ಮಾಡಿ.

ತಮ್ಮ ಬರುವ ತಾರೀಖು ಗೊತ್ತಾದ ಮೇಲೆ ಪಂಚಾಂಗ ತೆಗೆದು ನೋಡಿ. ಪಾರಂಪಳ್ಳಿಯ ಕಾಂಡ್ಲಾ ಕವಲುಗಳಿಗೆ ಹೋಗುವ ದಿನ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಚೀಚೆ ಬರುವಂತೆ ನೋಡಿಕೊಳ್ಳಿ, ಅಮ್ಮ ದೋಣಿ ಹತ್ತುವ ದಿನ ಅಷ್ಟಮಿಯ ಸುತ್ತ. ಐದು ದಿನದಲ್ಲಿ ಎರಡೂ ಹೊಂದದಿದ್ದರೆ ಅಮ್ಮನ ದಿನವನ್ನೇ ಮೊದಲು ಗೊತ್ತು ಮಾಡಿ. ತಮ್ಮ ಪಾರಂಪಳ್ಳಿಯಲ್ಲಿ ನೀರು ಏರುವ ತನಕ ದಡದಲ್ಲಿ ಕಾಯಲಿ.